ಕುಜನ ಮ್ಯಾಲೆ ಗುಲಾಬಿ ಹುಳ

ಆದೋನಿ ಹತ್ತಿ ವ್ಯಾಪಾರಿ ಕೊಟ್ರಬಸಪ್ಪ ಜಗತ್ತಿನಾಗ ಏನ್ ನೋಡಿದ್ರೂ ಹತ್ತಿ ನೋಡಿದಂಗೇ ನೋಡ್ತಾನ. ಎರಡು ಬೆರಳಿನಾಗ ಒಂಚೂರು ಕೀಳ್ತಾನ, ಎಳೀತಾನ, ಬೆಳಕಿಗಿ ಹಿಡೀತಾನ, ಹುಣಸಿಕಾಯಿ ಕಡದೋರಂಗ ಮಾರಿ ಮಾಡ್ತಾನ, ಆಮ್ಯಾಲೆ "ಮಾಲು ಅಷ್ಟು ಚೊಲೋ ಇಲ್ಲ ಬಿಡಪಾ" ಅಂತಾನ. ಯಾರ್ಡಿಗಿ ಬಂದ ಹತ್ತಿಗೂ ಇದೇ ಡೈಲಾಗ್, ಹೋಟ್ಲಾಗಿನ ಉಗ್ಗಾಣಿಗೂ ಇದೇ ಡೈಲಾಗ್, ತಮ್ಮನ ಮೊಮ್ಮಗ ಹುಟ್ಟಿದಾಗ ದವಾಖಾನ್ಯಾಗ ನಿಂತು ಕೂಸಿಗೂ ಇದೇ ಡೈಲಾಗ್. ಇಂಥಾ ಮನಶ್ಯಾನ ಮನಿಗಿ ಸೊಸಿಯಾಗಿ ಹೋಗಬೇಕಂತ ಆಲೂರಿನ ಶೋಭಾರಾಣಿ ಮನಸು ಮಾಡಿದ್ಳು ಅಂದ್ರ, ಅದು ಆ ಮನಶ್ಯಾನ್ನ ನೋಡಿ ಅಲ್ಲ, ಅವನ ಮಗ ಬಸವಪ್ರಸಾದನ್ನ ನೋಡಿ. ಪ್ರೀತಿ ಕುರುಡು ಅಂತಾರಲ್ಲ, ಈಕಿದು ಪೂರ್ತಿ ಕುರುಡಲ್ಲ, ಒಂದು ಕಣ್ಣು ಮುಚ್ಕೊಂಡಿದ್ಳು ಅಷ್ಟೇ.

ಶೋಭಾರಾಣಿ ಮಾರಿ ಭಾಳ ಮಂದಿಗಿ ಗೊತ್ತಿಲ್ಲ. ಆದ್ರ ಆಕಿ ದನಿ ಕೇಳದ ಕಿವಿ ಆ ಕಡಿ ಇಲ್ಲ. ಆದೋನ್ಯಾಗ ಒಂದು ಸಣ್ಣ ಸ್ಟುಡಿಯೋ ಐತಿ. ಆಟೋಕ್ಕ ಮೈಕ್ ಕಟ್ಕೊಂಡು ತಿರುಗೋ ಪ್ರಚಾರ ಎಲ್ಲಾ ಅಲ್ಲೇ ರೆಕಾರ್ಡ್ ಆಗೋದು. ಎಮ್ಮಿಗನೂರಿನ ಸೀರಿ ಡಿಸ್ಕೌಂಟು, ಹೊಳಗುಂದದ ಬೀಜದ ಅಂಗಡಿ, ಆಲೂರಿನ ಹಲ್ಲಿನ ಡಾಕ್ಟ್ರು, ಎಲ್ಲಾದಕ್ಕೂ ಈಕಿ ದನಿನೇ. ಆ ಗಡಿ ಸೀಮ್ಯಾಗ ಎರಡೂ ಭಾಷಾ ಬೇಕಲ್ಲ, ಮದ್ಲು ತೆಲುಗಿನಾಗ "ರಂಡಿ, ಚೂಡಂಡಿ" ಅಂತಿದ್ಳು, ಬೆನ್ನಿಗೇ ಕನ್ನಡದಾಗ "ಬರ್ರಿ, ನೋಡ್ರಿ" ಅಂತಿದ್ಳು. ಹುಳಕು ಹಲ್ಲು ಕೀಳೋ ಸುದ್ದಿನೂ ಈಕಿ ಬಾಯಾಗ ಹೀರೋ ಎಂಟ್ರಿ ಇದ್ದಂಗ ಇರ್ತಿತ್ತು. ಕೇಳಿದೋರು ಹಲ್ಲು ನೋವಿಲ್ಲದಿದ್ರೂ ಒಂದು ಸಲ ದವಡಿ ಮುಟ್ಕೋತಿದ್ರು.

ಬಸವಪ್ರಸಾದ್ ಆಕಿಗಿ ಸಿಕ್ಕಿದ್ದು ಆದೋನಿ ಹತ್ತಿ ಯಾರ್ಡಿನಾಗ. ತಾಯಿ ಮಹಾಂತಮ್ಮ ಜೋಡಿ ತಮ್ಮ ಹೊಲದ ಹತ್ತಿ ತಗೊಂಡು ಹೋಗಿದ್ಳು. ಆ ವರ್ಷ ಹತ್ತಿ ಬಿಡಿಸೋ ಟೈಮಿಗೇ ತುಫಾನು ಮಳಿ ಹೊಡದು ಅರಳಿದ ಕಾಯಿ ಎಲ್ಲಾ ತೊಯ್ದು, ಹತ್ತಿ ಅರಳಿ ಮ್ಯಾಲೆ ಕಂದು ಚುಕ್ಕಿ ಕುಂತಿದ್ವು. ಕೊಟ್ರಬಸಪ್ಪ ಒಂಚೂರು ಕಿತ್ತು, ಎಳೆದು, ಬೆಳಕಿಗಿ ಹಿಡಿದು, "ಕಾಯಿ ಕೊರಿಯೋ ಗುಲಾಬಿ ಹುಳ ಬಿದ್ದೈತಿ" ಅಂದ.

"ಹುಳ ಎಲ್ಲೈತ್ರಿ? ಮಳಿ ಕಲಿ ಅದು" ಅಂದ್ಳು ಶೋಭಾರಾಣಿ. "ಕಾಯಿ ಒಡದು ನೋಡ್ರಿ, ತೂತಿಲ್ಲ, ಹಿಕ್ಕಿ ಇಲ್ಲ."

"ಹುಳ ತಿಂದು ಹೋಗೈತಿ ತಂಗಿ. ಹುಳ ಇರಂಗಿಲ್ಲ, ಚುಕ್ಕಿ ಇರ್ತೈತಿ. ಮೂವತ್ತು ವರ್ಷದ ಸರ್ವಿಸ್ ನಂದು. ನನ್ನ ಕಣ್ಣು ಎಕ್ಸ್‌ರೇ."

ಯಾರ್ಡಿನಾಗ ಎಲ್ಲಾರಿಗೂ ಗೊತ್ತಿತ್ತು ಅದು ಮಳಿ ಕಲಿ ಅಂತ. ಎಕ್ಸ್‌ರೇ ಕಣ್ಣಿನೋನಿಗೂ ಗೊತ್ತಿತ್ತು. ಆದ್ರ ಹುಳ ಅಂದ್ರ ರೇಟು ಬೀಳ್ತೈತಿ, ಮಳಿ ಅಂದ್ರ ಅಷ್ಟು ಬೀಳಂಗಿಲ್ಲ. ಹಿಂಗಾಗಿ ಅವನ ಕಣ್ಣಿಗಿ ಮೂವತ್ತು ವರ್ಷದಿಂದ ಮಳಿನೇ ಬಿದ್ದಿದ್ದಿಲ್ಲ.

ಮಾಲು ಇಳಿಸಿ ಹೊಂಟಾಗ ಬಸವಪ್ರಸಾದ್ ಹಿಂದ ಓಡಿ ಬಂದು ಎರಡು ಗೋಲಿ ಸೋಡಾ ಕೊಟ್ಟ. "ನೀವ್ ಹೇಳಿದ್ದು ಖರೇರಿ, ಅದು ಮಳಿನೇ" ಅಂದ. ಅಪ್ಪ ಕೇಳಂಗಿಲ್ಲ ಅಂತ ನೋಡಿಕೊಂಡು, ಮೆತ್ತಗ ಅಂದ. ಶೋಭಾರಾಣಿ ಆ "ಖರೇರಿ"ನ ಹಿಡ್ಕೊಂಡ್ಳು, ಆ ಮೆತ್ತಗನ್ನ ಕೈ ಬಿಟ್ಳು. ಅಲ್ಲೇ ಆಕಿ ಲೆಕ್ಕ ತಪ್ಪಿದ್ದು.

ಆಮ್ಯಾಲೆ ಅಂವ ಸ್ಟುಡಿಯೋದ ಮುಂದ ಬೈಕ್ ನಿಲ್ಲಿಸೋದು, ಈಕಿ ರೆಕಾರ್ಡಿಂಗ್ ಮುಗಿಸಿ ಬರೋದು, ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡ್ಯಾಗ ಕುಂದ್ರೋದು. ಅಲ್ಲಿ ಅವನ ಡೈಲಾಗ್ ಕೇಳ್ಬೇಕಿತ್ತು. "ಶೋಭಾ, ಈ ಕೈ ಹಿಡಿದ ಮ್ಯಾಲೆ ಎದುರಿಗಿ ಯಮ ಬಂದ್ರೂ ಅವನೇ ಸೈಡ್ ಹೊಡೀಬೇಕು" ಅಂತಿದ್ದ. ಹಿಂದ ಸಿನೆಮಾದ ಬಿಜಿಎಮ್ ಒಂದೇ ಕಮ್ಮಿ. ಅಷ್ಟರಾಗ ಅಪ್ಪನ ಫೋನ್ ಬಂತಂದ್ರ ಮಿರ್ಚಿ ಕೆಳಗಿಟ್ಟು, ಎದ್ದು ನಿಂತು, "ಹ್ಞೂಂ ಅಪ್ಪಾ, ಬಂದೆ ಅಪ್ಪಾ" ಅಂತಿದ್ದ. ಯಮನಿಗಿ ಸೈಡ್ ಕೊಡದೋನು ಅಪ್ಪನಿಗಿ ರೋಡೇ ಬಿಟ್ಟು ಕೊಡ್ತಿದ್ದ. ಶೋಭಾರಾಣಿ ಅದನ್ನ ನೋಡಿ ನಗ್ತಿದ್ಳು. ಮರ್ಯಾದಿ ಇರೋ ಹುಡುಗ ಅಂತ ತಿಳ್ಕೊಂಡಿದ್ಳು.

ಒಂದು ವರ್ಷ ಮಾರಿ ಹುಳ್ಳಗ ಮಾಡಿ ಕೊಟ್ರಬಸಪ್ಪ ಕಡೀಗಿ ಒಪ್ಪಿದ. ಜಾತಕ ನೋಡೋಕ ಪಂಚಾಂಗದ ಉಚ್ಚೀರಪ್ಪನ್ನ ಕರೆಸಿದ. ಈ ಉಚ್ಚೀರಪ್ಪ ಅಂದ್ರ ಆ ಮನಿಗಿ ಜ್ಯೋತಿಷಿ, ಡಾಕ್ಟ್ರು, ಹವಾಮಾನ ಇಲಾಖೆ, ಎಲ್ಲಾ ಅವನೇ. ಅವನು ಮಳಿ ಬರ್ತೈತಿ ಅಂದ ದಿನ ಮಂದಿ ಮೆಣಸಿನಕಾಯಿ ಒಣ ಹಾಕ್ತಾರ, ಅಷ್ಟು ನಂಬಿಕಿ. ಅಂವ ಶೋಭಾರಾಣಿ ಜಾತಕ ನೋಡಿ, "ಏಳನೇ ಮನ್ಯಾಗ ಕುಜ ಕುಂತಾನ, ಕುಜ ದೋಷ ಐತಿ. ಆದ್ರ ಭಾಳ ಸಣ್ಣದು. ಉರುಕುಂದಿ ಈರಣ್ಣಗ ಒಂದು ಕಾಯಿ ಒಡಿಸಿದ್ರ ಸಾಕು" ಅಂದ. ಮಹಾಂತಮ್ಮ ಒಂದಕ್ಕ ಐದು ಕಾಯಿ ಒಡಿಸಿ ಬಂದ್ಳು. ಐತವಾರ ಗಂಡಿನ ಕಡ್ಯೋರು ಆಲೂರಿಗಿ ಬಂದು ಎಲಿ-ಅಡಕಿ ಕೊಟ್ಟು ಮಾತು ಪಕ್ಕಾ ಮಾಡ್ಕೊಳ್ಳೋದು ಅಂತ ಆತು.

ಆ ವಾರದಾಗೇ ಬಂತು ನೋಡ್ರಿ ಟೀವ್ಯಾಗ ಸುದ್ದಿ. ಅಮೆರಿಕದವರು ಕುಜ ಗ್ರಹಕ್ಕ ಕಳಿಸಿದ ಬಂಡಿ ಅಲ್ಲಿ ಒಂದು ಕಲ್ಲು ಕೊರದೈತಿ, ಆ ಕಲ್ಲಿನ ಮ್ಯಾಲೆ ಚಿರತಿ ಮೈಯಂಗ ಚುಕ್ಕಿ ಅದಾವು, ಕೋಟಿಗಟ್ಟಲೆ ವರ್ಷದ ಹಿಂದ ಅಲ್ಲಿ ನೀರಿತ್ತು, ಆ ನೀರಾಗ ಕಣ್ಣಿಗಿ ಕಾಣದ ಸಣ್ಣ ಜೀವ ಇದ್ದಿದ್ರೂ ಇರಬಹುದು, ಆ ಚುಕ್ಕಿ ಅವುದ್ದೇ ಗುರ್ತು ಆಗಿದ್ರೂ ಆಗಿರಬಹುದು. ಸುದ್ದಿ ಇಷ್ಟೇ. ಹುಡುಕಿದೋರೇ "ಇರಬಹುದು" ಅಂತ ಹೇಳಿ ಕೈ ಕಟ್ಕೊಂಡು ನಿಂತಿದ್ರು. ಆದ್ರ ತೆಲುಗು ಚಾನೆಲ್ಲಿನೋರು ಬಿಡ್ತಾರ? ಕೆಂಪು ಅಕ್ಷರ, ಡಮರು ಸೌಂಡು, "ಅಂಗಾರಕುಡಿಪೈ ಜೀವಂ?", ಅಂದ್ರ ಕುಜನ ಮ್ಯಾಲೆ ಜೀವ ಐತಾ, ಅಂತ ಹಾಕಿ, ಆ ಪ್ರಶ್ನೆ ಚಿಹ್ನೆನ ಗ್ರಹಕ್ಕಿಂತ ದೊಡ್ಡದು ಮಾಡಿ ತಿರುಗಿಸಿದ್ರು. ಊರು ಮಂದಿಗಿ ಗ್ರಹ ಕಂಡಿತು, ಜೀವ ಕಂಡಿತು, ಪ್ರಶ್ನೆ ಚಿಹ್ನೆ ಒಂದು ಕಾಣ್ಲಿಲ್ಲ.

ಶೋಭಾರಾಣಿಗಿ ಮಾತ್ರ ಆ ಸುದ್ದಿ ಖುಷಿ ಕೊಟ್ಟಿತು. "ಯವ್ವಾ, ನಮ್ಮ ಕುಜನ ಮನ್ಯಾಗೂ ಒಮ್ಮೆ ಮಂದಿ ಇದ್ರಂತ ನೋಡು. ಸುಮ್ನ ಬೈತಿದ್ರಿ ಪಾಪ ಅವನ್ನ" ಅಂತ ತಾಯಿನ್ನ ಕಾಡಿಸಿದ್ಳು.

"ನಿನ್ನ ನಾಲಿಗಿ ಐತವಾರ ಒಂದಿನ ರಜಾ ಹಾಕ್ಲಿ" ಅಂದ್ಳು ಮಹಾಂತಮ್ಮ. ಆಕಿ ಗಂಡ ತೀರಿದ ಮ್ಯಾಲೆ ಮನಿ ಮುಂದಿನ ಹಿಟ್ಟಿನ ಗಿರಣಿನ ಒಬ್ಬಾಕಿನೇ ನಡಸಾಕಿ. ಸದಾ ಹುಬ್ಬಿನ ಮ್ಯಾಲೆ ಜೋಳದ ಹಿಟ್ಟು. ಮಗಳ ಮದವಿ ಒಂದು ಆದ್ರ ಹುಬ್ಬು ತೊಳ್ಕೊಂಡು ಕುಂದ್ರಾಕಿ ಅಂತ ಊರಾಗ ಮಾತು.

ಐತವಾರ ಮುಂಜಾನಿ ಕಾರು ಬಂತು. ಹಿಂದಿನ ಡಿಕ್ಕಿ ಬಾಗಲ ಅರ್ಧ ತೆರೆದು, ಹಗ್ಗ ಕಟ್ಟಿ, ಒಳಗಿಂದ ಬಾಳಿಗಿಡ ಒಂದು ತಲಿ ಹೊರಗ ಹಾಕಿತ್ತು. ತುದಿಗಿ ಲಾರಿಯವ್ರು ಕಟ್ಟಿದಂಗ ಕೆಂಪು ಅರವಿ ಬ್ಯಾರೆ. ಕೊಟ್ರಬಸಪ್ಪ ಇಳಿದ, ಉಚ್ಚೀರಪ್ಪ ಇಳಿದ. ಬಸವಪ್ರಸಾದ್ ಇಳಿದು ಹಿಂದ ಹೋಗಿ, ಹಗ್ಗ ಬಿಚ್ಚಿ, ಗಿಡ ಹೆಗಲ ಮ್ಯಾಲೆ ಹೊತ್ಕೊಂಡು ಬಂದ. ಹೊಸ ಬಿಳಿ ಅಂಗಿ ಮ್ಯಾಲೆ ಬೇರಿನ ಮಣ್ಣು ಸುರೀತಿತ್ತು.

ಮಹಾಂತಮ್ಮಗ ಕಣ್ಣಾಗ ನೀರೇ ಬಂತು. "ನೋಡವ್ವಾ, ಬೀಗರು ನಮ್ಮ ಬಾಗಲಿಗಿ ಕಟ್ಟಾಕ ಬಾಳಿಗಿಡ ತಂದಾರ. ಎಷ್ಟು ಸಂಸ್ಕಾರ!" ಅಂದ್ಳು.

ಶೋಭಾರಾಣಿನೂ ಅಡಗಿಮನಿ ಕಿಡಕ್ಯಾಗಿಂದ ನೋಡಿದ್ಳು. ಬಾಗಲಿಗಿ ಕಟ್ಟೋದಾದ್ರ ಜೋಡಿ ಬೇಕಲ್ಲ, ಒಂದೇ ಯಾಕ ತಂದಾರ ಅಂತ ಅನಿಸಿತು. ಮತ್ತ ಜಿಪುಣ ಮನಶ್ಯಾ, ಇನ್ನೊಂದು ನಮ್ಮ ಖರ್ಚಿಗಿ ಬಿಟ್ಟಾನ ಅಂತ ಸುಮ್ಮನಾದ್ಳು.

ಪಡಸಾಲ್ಯಾಗ ಎಲ್ಲಾರೂ ಕುಂತ್ರು. ಹೋಳಿಗಿ ಮಾಡಿಟ್ಟಿದ್ರು, ಆದ್ರ ಎಲಿ-ಅಡಕಿ ಆಗೋತನ ಸಿಹಿ ಮುಟ್ಟಂಗಿಲ್ಲ ಅಂತ ಪದ್ಧತಿ, ಬರೇ ಚಾ ಬಂತು. ಕೊಟ್ರಬಸಪ್ಪ ಒಂದು ಗುಟುಕು ಕುಡದು ಕಪ್ಪನ್ನ ಬೆಳಕಿಗಿ ಹಿಡಿದ. ಮಾಲು ಅಷ್ಟು ಚೊಲೋ ಇಲ್ಲ ಅಂತ ಮಾರಿನೇ ಹೇಳಿತು.

ಉಚ್ಚೀರಪ್ಪ ಗಂಟಲು ಸರಿ ಮಾಡ್ಕೊಂಡ. "ಅಮ್ಮಾ, ಒಂದು ಸಣ್ಣ ಅಡಚಣಿ ಬಂದೈತಿ. ಮೇಲಿನಿಂದ ಸುದ್ದಿ ಬಂದೈತಿ."

"ಯಾವ ಮೇಲಿನಿಂದ್ರಿ?" ಅಂದ್ಳು ಮಹಾಂತಮ್ಮ.

"ಕುಜ ಗ್ರಹದಿಂದ."

ಎಷ್ಟು ಗಂಭೀರ ಹೇಳಿದ ಅಂದ್ರ, ಕುಜನೇ ಫೋನ್ ಮಾಡಿ ಸ್ವಲ್ಪ ಹೇಳಿಬಿಡು ಅಂದಂಗ ಇತ್ತು. ಜೇಬಿನಾಗಿಂದ ಮೊಬೈಲ್ ತೆಗೆದ, ಕಲ್ಲಿನ ಫೋಟೋ ತೋರಿಸಿದ. "ನಾನು ಆವಾಗ ಜಾತಕ ನೋಡಿದಾಗ ಕುಜ ಬರೇ ಕೆಂಪು ಗ್ರಹ. ಈಗ ಸೈನ್ಸೇ ಹೇಳೈತಿ, ಅಲ್ಲಿ ಜೀವ ಇತ್ತು, ಸತ್ತೋತು ಅಂತ. ಅಂದ್ರ ಏನರ್ಥ? ತನ್ನ ಒಡಲಾಗಿನ ಮಕ್ಕಳನ್ನ ತಾನೇ ನುಂಗಿದ ಗ್ರಹ! ಅಂಥಾವ ಏಳನೇ ಮನ್ಯಾಗ ಕುಂತ್ರ ಗಂಡನ್ನ ಬಿಡ್ತಾನೇನು? ದೋಷ ಡಬಲ್ ಆಗೈತಿ."

"ಕೊಡಪಾ ಇಲ್ಲಿ" ಅಂತ ಕೊಟ್ರಬಸಪ್ಪ ಫೋನ್ ತಗೊಂಡ. ಹೆಬ್ಬೆರಳು, ತೋರುಬೆರಳು ಹಚ್ಚಿ ಫೋಟೋ ಎಳೆದ. ಅರಳಿ ಎಳೆದಂಗೇ ಎಳೆದ. ಕಿಡಕಿ ಬೆಳಕಿಗಿ ಹಿಡಿದ. ಒಂದು ಕಣ್ಣು ಮುಚ್ಚಿದ.

"ಹುಳ" ಅಂದ.

"ಏನ್ರಿ?" ಅಂದ ಉಚ್ಚೀರಪ್ಪನೂ ಬೆಚ್ಚಿ. ಇದು ಸ್ಕ್ರಿಪ್ಟಿನಾಗ ಇರ್ಲಿಲ್ಲ ಅಂತ ಕಾಣ್ತೈತಿ.

"ಗುಲಾಬಿ ಹುಳ. ನಡು ಬೆಳ್ಳಗ, ಸುತ್ತ ಕರಿ ಅಂಚು. ಹುಳ ತಿಂದು ಹೋದ ಚುಕ್ಕಿ ಹಿಂಗೇ ಇರ್ತೈತಿ. ಮೂವತ್ತು ವರ್ಷದ ಸರ್ವಿಸ್ ನಂದು, ಅಮೆರಿಕದವರಿಗಿ ಇನ್ನೂ ಡೌಟ್ ಐತಂತ, ನನಗಿಲ್ಲ." ಕೊಟ್ರಬಸಪ್ಪ ಎದಿ ಉಬ್ಬಿಸಿದ. "ಹುಳ ಇತ್ತಂದ್ರ ಬೆಳಿ ಇತ್ತು. ಬೆಳಿ ಇತ್ತಂದ್ರ ರೈತ ಇದ್ದ. ರೈತ ಇದ್ದಂದ್ರ ಅವನ ಮಾಲು ತಗೋಳಾಕ ಒಬ್ಬ ವ್ಯಾಪಾರಿ ಇರ್ಲೇಬೇಕಲ್ಲ?"

ಕೇಳ್ರಿ ಈ ಮಾತು! ಜಗತ್ತಿನ ದೊಡ್ಡ ದೊಡ್ಡ ತಲಿ ಎಲ್ಲಾ ಕೂಡಿ ಒಂದು ಕಣ್ಣಿಗಿ ಕಾಣದ ಕ್ರಿಮಿ ಇತ್ತೋ ಇಲ್ಲೋ ಅಂತ ತಲಿ ಕೆರಕೊಳ್ಳಾಕ ಹತ್ತಿದ್ರ, ಇಂವ ಚಾ ಆರೋದ್ರೊಳಗ ಕುಜನ ಮ್ಯಾಲೆ ಮಾರ್ಕೆಟ್ ಯಾರ್ಡ್ ಕಟ್ಟಿಸಿ, ಕಮಿಷನ್ ಅಂಗಡಿ ಇಟ್ಟು, ಗಾದಿ ಮ್ಯಾಲೆ ಕುಂತೇ ಬಿಟ್ಟ. ಬಾಗಲ ಸಂದ್ಯಾಗ ನಿಂತಿದ್ದ ಶೋಭಾರಾಣಿಗಿ ನಗಿ ತಡಿಯಾಕ ಸೆರಗು ಬಾಯಿಗಿ ತುರುಕೋಬೇಕಾತು.

ಆದ್ರ ಮುಂದಿನ ಮಾತಿಗಿ ಸೆರಗು ತಾನೇ ಕೆಳಗ ಬಿತ್ತು.

"ಮಹಾಂತಮ್ಮ, ಸಿಟ್ಟಾಗಬ್ಯಾಡ" ಅಂದ ಕೊಟ್ರಬಸಪ್ಪ. "ವ್ಯಾಪಾರದ ಮಾತು ಹೇಳ್ತೀನಿ. ಹುಳ ಬಿದ್ದ ಗ್ರಹದಾಗ ಹುಟ್ಟಿದ ಹುಡುಗಿ ಅಂದ್ರ ಚುಕ್ಕಿ ಬಿದ್ದ ಮಾಲು. ಚುಕ್ಕಿ ಬಿದ್ದ ಮಾಲನ್ನ ನಾನು ವಾಪಸ್ ಕಳಸಂಗಿಲ್ಲ. ಸ್ವಚ್ಛ ಮಾಡಿ ತಗೋತೀನಿ. ಅದಕ್ಕೇ ಗಿಡ ತಂದೀವಿ."

ಉಚ್ಚೀರಪ್ಪ ಬಿಡಿಸಿ ಹೇಳಿದ. ಹನ್ನೊಂದೂವರಿಗಿ ಮುಹೂರ್ತ. ಹಿತ್ತಲಾಗ ಬಾಳಿಗಿಡ ನೆಟ್ಟು, ಶೋಭಾರಾಣಿಗಿ ಅದರ ಜೋಡಿ ತಾಳಿ ಕಟ್ಟಿಸೋದು. ಆಮ್ಯಾಲೆ ಬಾಳಿಗಂಡನ್ನ ಕೊಡಲಿಲೆ ಕಡದು ಹಾಕೋದು. ಈಕಿ ಬಳಿ ಒಡದು, ತಲಿಗಿ ನೀರು ಹಾಕೊಂಡ್ರ ಒಂದು ದೋಷ ಹೋತು. "ಸುದ್ದಿ ಬರೋಕ್ಕಿಂತ ಮುಂಚೆ ಇದೂ ಬೇಕಿದ್ದಿಲ್ಲ. ಈಗ ಡಬಲ್ ಆಗೈತಲ್ಲ, ಬಾಳಿಗಿಡ ಆದ ಮ್ಯಾಲೆ ಎಕ್ಕದ ಗಿಡದ ಜೋಡಿ ಇನ್ನೊಂದು ಮದವಿ. ಎಕ್ಕ ನಿಮ್ಮ ಹಿತ್ತಲಾಗೇ ಐತಿ, ಬರ್ತಾ ನೋಡಿದೆ."

ಮಹಾಂತಮ್ಮ ಬಾಗಲಿಗಿ ಒರಗಿಸಿದ್ದ ಗಿಡ ನೋಡಿದ್ಳು. ಒಂದು ನಿಮಿಷದ ಹಿಂದ ಸಂಸ್ಕಾರ ಆಗಿತ್ತು ಅದು, ಈಗ ಅಳಿಯ.

ಶೋಭಾರಾಣಿ ಹೊರಗ ಬಂದು ತಾಯಿ ಬಾಜೂಕ ನಿಂತ್ಳು. ಬೀಗರು ಬಂದಾಗ ತಲಿ ಬಗ್ಗಿಸಬೇಕಂತ ತಾಯಿ ಮೂರು ದಿನ ಟ್ರೈನಿಂಗ್ ಕೊಟ್ಟಿದ್ಳು. ಅದು ಅಲ್ಲೇ ಅಡಗಿಮನ್ಯಾಗ ಉಳೀತು.

"ಉಚ್ಚೀರಪ್ಪನೋರೆ, ಒಂದು ಡೌಟ್" ಅಂದ್ಳು. ಆಟೋ ಮೈಕಿನಾಗ ಬರೋ ಆ ದನಿ ಪಡಸಾಲ್ಯಾಗ ಬಂದಾಗ ಉಚ್ಚೀರಪ್ಪ ಒಂದು ಸಲ ದವಡಿ ಮುಟ್ಕೊಂಡ. "ಅಲ್ಲಿ ಜೀವ ಇತ್ತು ಅಂದ್ರ ದೋಷ ಡಬಲ್. ನಾಳೆ ಅದೇ ಅಮೆರಿಕದವರು, ಇಲ್ಲ ಇಲ್ಲ, ಜೀವ ಇರ್ಲೇ ಇಲ್ಲ, ಅದು ಬರೇ ಕಲ್ಲಿನ ಕಲಿ ಅಂದ್ರ?"

ಉಚ್ಚೀರಪ್ಪ ಯೋಚನಿ ಮಾಡಿದ. "ಅಂದ್ರ ಅದು ಬಂಜಿ ಗ್ರಹ. ಮಕ್ಕಳ ಯೋಗ ಇಲ್ಲ. ದೋಷ ಇನ್ನೂ ಜಾಸ್ತಿ."

"ಜೀವ ಇದ್ರ ಡಬಲ್, ಇಲ್ಲದಿದ್ರ ತ್ರಿಬಲ್. ಕಮ್ಮಿ ಆಗೋದು ಯಾವಾಗ್ರಿ?"

"ಕಮ್ಮಿ ಆಗೋ ಪದ್ಧತಿ ಶಾಸ್ತ್ರದಾಗ ಇಲ್ಲಮ್ಮ."

"ಪೆಟ್ರೋಲ್ ರೇಟು ಇದ್ದಂಗೈತಲ್ಲ ನಿಮ್ಮ ಶಾಸ್ತ್ರ!"

"ಶೋಭಾ!" ಅಂತ ಮಹಾಂತಮ್ಮ ಜಬರಿಸಿದ್ಳು.

"ತಾಳವ್ವಾ. ಮಾವನೋರ ಜೋಡಿ ಮಾತಾಡ್ತೀನಿ." ಈಕಿ ಕೊಟ್ರಬಸಪ್ಪನ ಕಡಿ ತಿರುಗಿದ್ಳು. "ಯಾರ್ಡಿನಾಗ ನಮ್ಮ ಹತ್ತಿ ಮ್ಯಾಲೆ ಚುಕ್ಕಿ ನೋಡಿ ಹುಳ ಅಂದ್ರಿ. ಮಳಿ ಅಂತ ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹುಳ ತಿಂದ್ರೂ ಚುಕ್ಕಿ ಬೀಳ್ತೈತಿ, ಮಳಿ ಬಿದ್ರೂ ಚುಕ್ಕಿ ಬೀಳ್ತೈತಿ. ಆ ಕಲ್ಲು ನೋಡಿದೋರೂ ಇದನ್ನೇ ಹೇಳಾಕ ಹತ್ಯಾರ. ಜೀವ ಮಾಡಿದ್ದೂ ಇರಬಹುದು, ಬರೇ ನೀರು, ಕಬ್ಬಿಣ, ಕೆಸರು ಕೂಡಿ ಮಾಡಿದ್ದೂ ಇರಬಹುದು, ಆ ಕಲ್ಲು ಮನಿಗಿ ತಂದು ಒಡದು ನೋಡೋತನ ಗೊತ್ತಾಗಂಗಿಲ್ಲ ಅಂತ. ಅವ್ರು ಖಾತ್ರಿ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ತಾರ. ನೀವು ಖಾತ್ರಿ ಇದ್ರೂ ಬ್ಯಾರೆ ಹೇಳ್ತೀರಿ."

ಕೊಟ್ರಬಸಪ್ಪನ ಕುತ್ತಿಗಿ ಕೆಂಪಗಾತು. ಕುಜನೇ ಬಂದು ಅಂಗಿ ಕಾಲರಿನಾಗ ಕುಂತಂಗ. "ಏನಮ್ಮಾ, ನನಗ ಹತ್ತಿ ಕಲಸಾಕ ಬಂದ್ಯಾ? ನನ್ನ ಮುಂದ ಇಂಥಾ ಡೈಲಾಗ್ ಹೊಡದೋರು ಯಾರ್ಡಿನಾಗ ಎಷ್ಟು ಮಂದಿ ಬಂದ್ರು, ಎಷ್ಟು ಮಂದಿ ಹೋದ್ರು!"

"ಹೋಗೋ ಮಂದಿನೇ ನೋಡೀರಿ ನೀವು. ನಿಲ್ಲೋ ಮಂದಿ ಇನ್ನೂ ನೋಡಿಲ್ಲ."

ಮಹಾಂತಮ್ಮ ಮಗಳ ರಟ್ಟಿ ಹಿಡಿದು ಗಿರಣಿ ಬಾಗಲ ಕಡಿ ಎಳಕೊಂಡು ಹೋದ್ಳು. ಅಲ್ಲಿ ದನಿ ಇಳಿಸಿದ್ಳು. "ಐದು ನಿಮಿಷದ ಕೆಲ್ಸ ಶೋಭಾ. ಗಿಡಕ್ಕ ದಾರ ಕಟ್ಟಿದ್ರ ನಿಂದೇನು ಹೋಗ್ತೈತಿ? ಯಾರೂ ನೋಡಂಗಿಲ್ಲ. ಮದವಿ ಆತಂದ್ರ ಎಲ್ಲಾ ಮರೀತಾರ."

"ಅವ್ರು ಮರಿಯಂಗಿಲ್ಲ ಯವ್ವಾ. ನಾಳೆ ಸಾರಿಗಿ ಉಪ್ಪು ಜಾಸ್ತಿ ಆದ್ರ ಚುಕ್ಕಿ ಬಿದ್ದ ಮಾಲು ಅಂತಾರ. ಅವನಿಗಿ ಜರ ಬಂದ್ರ ಇನ್ನೊಂದು ಗಿಡ ತರ್ತಾರ. ಊರಾಗಿನ ಗಿಡ ಎಲ್ಲಾ ನನಗ ಗಂಡ ಆಗ್ತಾವು."

"ಮತ್ತ ಏನ್ ಮಾಡ್ತೀ? ಬಿಡ್ತೀಯಾ ಆ ಹುಡುಗನ್ನ?"

ಆ ಹುಡುಗ ಬೇಕಾಗಿದ್ದ ಶೋಭಾರಾಣಿಗಿ. ಅವನ ಸುಳ್ಳು ಡೈಲಾಗು, ಮಿರ್ಚಿ ತಿಂದು ಕಣ್ಣೀರು ಒರಸ್ಕೊಳ್ಳೋದು, ಈಕಿ ಹಲ್ಲಿನ ಡಾಕ್ಟ್ರು ಪ್ರಚಾರ ರಿಂಗ್‌ಟೋನ್ ಮಾಡಿ ಇಟ್ಕೊಂಡಿದ್ದು, ಎಲ್ಲಾ ಬೇಕಾಗಿತ್ತು. ಗಿಡದ ಮದವಿ ಇಲ್ದಂಗ, ಚುಕ್ಕಿ ಅನ್ನೋ ಮಾತಿಲ್ದಂಗ, ಇದ್ದಂಗೇ ಬಾ ಅಂತ ಅಂವ ಒಂದು ಮಾತು ಅಂದ್ರ ಸಾಕಿತ್ತು.

ಆವಾಗ ಆಕಿಗಿ ಬಾಗಲಿಗಿ ಒರಗಿದ ಗಿಡ ಕಂಡಿತು. ಅದರ ಬೇರಿನ ಮಣ್ಣು. ಮತ್ತ ಒಳಗ ಕುಂತಿದ್ದ ಬಸವಪ್ರಸಾದನ ಬಿಳಿ ಅಂಗಿ ಹೆಗಲ ಮ್ಯಾಲೆ ಅದೇ ಮಣ್ಣು.

ಇಷ್ಟೊತ್ತು ಅಂವ ಒಂದು ಮಾತೂ ಆಡಿದ್ದಿಲ್ಲ. ಕುಜನ ಮ್ಯಾಲೆ ಮಾರ್ಕೆಟ್ ಕಟ್ಟುವಾಗಲೂ ಇಲ್ಲ, ಚುಕ್ಕಿ ಬಿದ್ದ ಮಾಲು ಅಂದಾಗಲೂ ಇಲ್ಲ. ತಂದೆ ಕೈಯಾಗಿನ ಫೋನ್ ಈಗ ಅವನ ಕೈಗಿ ಬಂದಿತ್ತು, ಆ ಕಲ್ಲಿನ ಫೋಟೋನೇ ನೋಡ್ಕೋತ ಕುಂತಿದ್ದ. ಒಂದು ಕಲ್ಲು ಇನ್ನೊಂದು ಕಲ್ಲನ್ನ ನೋಡಿದಂಗ.

ಶೋಭಾರಾಣಿ ಸೀದಾ ಅವನ ಮುಂದ ಹೋಗಿ ನಿಂತ್ಳು.

"ಪ್ರಸಾದ್, ಈ ಗಿಡ ಯಾಕ ತಂದದ್ದು ಅಂತ ನಿನಗ ಗೊತ್ತಿತ್ತೇನು?"

ಅಂವ ಅಪ್ಪನ್ನ ನೋಡಿದ. ಅಪ್ಪ ಫ್ಯಾನ್ ನೋಡಿದ.

"ಗೊತ್ತಿತ್ತು" ಅಂದ, ಮೆತ್ತಗ.

"ಯಾವಾಗಿಂದ?"

"ಗುರುವಾರದಿಂದ. ಹೇಳಬೇಕಂತ ಫೋನ್ ತೆಗೆದಿದ್ದೆ. ನೀ ಬ್ಯಾಸರ ಮಾಡ್ಕೋತಿ ಅಂತ..."

"ಎಲ್ಲಿಂದ ತಂದ್ರಿ?"

"ನಮ್ಮ ತೋಟದ್ದು. ನಾನೇ ಕಿತ್ತಿದ್ದು. ಚೊಲೋ ಗಿಡ ನೋಡಿ ಆರಿಸಿದೆ" ಅಂದ. ಅದಕ್ಕ ಮೆಚ್ಚಿಗಿ ಸಿಕ್ತೈತಿ ಅನ್ನೋ ಹಂಗ.

ಶೋಭಾರಾಣಿಗಿ ಆ ಮುಚ್ಚಿದ್ದ ಒಂದು ಕಣ್ಣು ಆವಾಗ ತೆರೀತು. ಸಿನೆಮಾದಾಗ ಆಗಿದ್ರ ಇಲ್ಲಿ ಗುಡುಗು ಮಿಂಚು ಹಾಕ್ತಿದ್ರು. ಇಲ್ಲಿ ಗಿರಣಿ ಮುಂದ ಯಾರೋ "ಮಹಾಂತಮ್ಮಕ್ಕ, ಜೋಳ ಹಾಕ್ತೀಯಾ?" ಅಂತ ಕೂಗಿದ್ರು, ಅಷ್ಟೇ.

"ಭೇಷ್!" ಅಂದ್ಳು. "ತನ್ನ ಹುಡುಗಿಗಿ ಬ್ಯಾರೆ ಗಂಡನ್ನ ಹುಡುಕಿ, ಆರಿಸಿ, ಕಿತ್ತು, ಹೆಗಲ ಮ್ಯಾಲೆ ಹೊತ್ಕೊಂಡು ಬಂದ ಹೀರೋನ್ನ ನಾನು ಇವತ್ತೇ ನೋಡಿದ್ದು. ಯಮ ಬಂದ್ರ ಅವನೇ ಸೈಡ್ ಹೊಡೀಬೇಕು ಅಂದಿದ್ಯಲ್ಲ? ಬಾಳಿಗಿಡಕ್ಕೇ ಸೀಟು ಬಿಟ್ಟು ಕೊಟ್ಟಿ."

ಉಚ್ಚೀರಪ್ಪ ನಕ್ಕುಬಿಟ್ಟ. ಕೊಟ್ರಬಸಪ್ಪ ನೋಡಿದ ಕೂಡ್ಲೇ ಅದನ್ನ ಕೆಮ್ಮು ಮಾಡ್ಕೊಂಡ.

"ಒಂದೇ ಮಾತು ಕೇಳ್ತೀನಿ" ಅಂದ್ಳು ಶೋಭಾರಾಣಿ. ಈ ಸಲ ದನ್ಯಾಗ ಮೈಕ್ ಇರ್ಲಿಲ್ಲ, ಡೈಲಾಗ್ ಇರ್ಲಿಲ್ಲ. "ನಾನು ಚುಕ್ಕಿ ಬಿದ್ದ ಮಾಲು ಅಂತ ನಿನಗ ಅನಸ್ತೈತೇನು? ಹೌದು ಅನ್ನು, ಇಲ್ಲ ಅನ್ನು. ನಿಮ್ಮಪ್ಪನ ಮುಂದ ಅನ್ನು."

ಬಸವಪ್ರಸಾದ್ ಫೋನ್ ನೋಡಿದ, ಅಪ್ಪನ್ನ ನೋಡಿದ, ಮತ್ತ ಫೋನ್ ನೋಡಿದ. ಆಮ್ಯಾಲೆ ಅವನಿಗಿ ಒಂದು ದಾರಿ ಹೊಳೀತು. ಮಾರಿ ಮ್ಯಾಲೆ ಬೆಳಕು ಬಂತು.

"ನೋಡು ಶೋಭಾ, ಅಷ್ಟು ದೊಡ್ಡ ಸೈಂಟಿಸ್ಟುಗಳೇ ಇನ್ನೂ ಖಾತ್ರಿ ಇಲ್ಲ, ಇರಬಹುದು ಅಷ್ಟೇ ಅಂತಾರ. ನನಗ ಹೆಂಗ ಖಾತ್ರಿ ಹೇಳಾಕ ಆಗ್ತೈತಿ? ಗಿಡ ಕಟ್ಟಿದ್ರ ನಷ್ಟ ಏನಿಲ್ಲಲ್ಲ. ಸೇಫ್ ಸೈಡ್..."

"ಹಾಂ" ಅಂದ್ಳು ಶೋಭಾರಾಣಿ. "ಅವ್ರು ಖಾತ್ರಿ ಇಲ್ಲ ಅನ್ನೋಕ್ಕಿಂತ ಮುಂಚೆ ಏನ್ ಮಾಡ್ಯಾರ ಗೊತ್ತೈತೇನು? ಕೋಟಿಗಟ್ಟಲೆ ಮೈಲಿ ದೂರ ಬಂಡಿ ಕಳಸ್ಯಾರ, ವರ್ಷಗಟ್ಟಲೆ ಕಲ್ಲು ಕೆರದಾರ, ಮೂಸಿ ನೋಡ್ಯಾರ, ಕೊರದಾರ. ಅಷ್ಟು ಮಾಡಿ ಆಮ್ಯಾಲೆ, ಗೊತ್ತಿಲ್ಲಪಾ ಅಂದ್ರು. ಅದು ಅವ್ರ ದೊಡ್ಡಸ್ತಿಕಿ. ನೀನು ಎರಡು ವರ್ಷ ನನ್ನ ಬಾಜೂಕ ಕುಂತು ಮಿರ್ಚಿ ತಿಂದು, ಈ ಕುರ್ಚಿಯಿಂದ ಒಂದು ಗೇಣು ಏಳದಂಗ, ಗೊತ್ತಿಲ್ಲ ಅಂತಿ. ಅವ್ರ ಮಾತು ಬಾಯಾಗ ಇಟ್ಕೊಂಡ್ರ ಸೈಂಟಿಸ್ಟ್ ಆಗಂಗಿಲ್ಲ ಪ್ರಸಾದ್. ಪುಕ್ಕಲ ಪುಕ್ಕಲನೇ."

"ಏಯ್!" ಅಂತ ಕೊಟ್ರಬಸಪ್ಪ ಎದ್ದ. "ಸಾಕು, ಸಾಕು! ಇಂಥಾ ಮಾಲು ನನಗ ಫುಕಟ್ ಕೊಟ್ರೂ ಬ್ಯಾಡ. ನಡಿಯೋ ಪ್ರಸಾದ್. ನಡೀರಿ ಉಚ್ಚೀರಪ್ಪ."

"ಕುಂದ್ರಿ ಅಂತ ನಾನೂ ಅನ್ನಂಗಿಲ್ಲ" ಅಂದ್ಳು ಶೋಭಾರಾಣಿ. "ಆ ಗಿಡ ಮಾತ್ರ ಬಿಟ್ಟು ಹೋಗಬ್ಯಾಡ್ರಿ. ಹೊತ್ತು ತಂದೋರೇ ಹೊತ್ಕೊಂಡು ಹೋಗ್ರಿ. ನಿಮ್ಮ ಮನ್ಯಾಗ ನೆಡ್ರಿ, ಯಾರೂ ಎಬ್ಬಿಸದೇ ಸೀದಾ ನಿಲ್ಲೋ ಗಂಡಸು ಒಬ್ಬನಾದ್ರೂ ಇರ್ತಾನ."

ಬಸವಪ್ರಸಾದ್ ಗಿಡ ಹೊತ್ಕೊಂಡ. ಹೌದ್ರಿ, ಹೊತ್ಕೊಂಡ! ಬ್ಯಾಡ ಅಂತ ಬಿಸಾಕಿ ನಿಂತಿದ್ರ ಕಥಿ ಬ್ಯಾರೆ ಆಗ್ತಿತ್ತೋ ಏನೋ. ಹೇಳಿದ ಕೂಡ್ಲೇ ಹೊತ್ಕೊಂಡ, ಬಾಗಲಿಗಿ ತಾಗದಂಗ ಬಗ್ಗಿ ಹೊರಗ ಹೋದ, ಡಿಕ್ಕ್ಯಾಗ ಇಟ್ಟ, ಕೆಂಪು ಅರವಿ ಸುದ್ದಾ ಸರಿ ಮಾಡಿ ಕಟ್ಟಿದ.

ಆಮ್ಯಾಲೆ ಒಂದು ಸಲ ತಿರುಗಿ ಬಂದ. ಹೊಸ್ತಿಲದಾಗ ನಿಂತ. ಕಣ್ಣಾಗ ನೀರಿತ್ತು, ಸುಳ್ಳು ಹೇಳಬಾರ್ದು, ಖರೇನೇ ನೀರಿತ್ತು. "ಶೋಭಾ, ನಾನು ಅಪ್ಪನಿಗಿ ಹೇಳ್ತೀನಿ. ನನಗ ಒಂದಿಷ್ಟು ಟೈಮ್ ಕೊಡು. ದೀಪಾವಳಿ ಆಗ್ಲಿ, ಸೀಜನ್ ಮುಗೀಲಿ..."

ಶೋಭಾರಾಣಿ ಕೈ ಚಾಚಿ ಕಾರು ತೋರಿಸಿದ್ಳು. "ಅಪ್ಪ ಅಲ್ಲೇ ಅದಾನ. ಈಗ ಹೇಳು. ನಾ ಇಲ್ಲೇ ನಿಂತಿರ್ತೀನಿ."

ಅಂವ ಕಾರಿನ ಕಡಿ ನೋಡಿದ. ಈಕಿ ಕಡಿ ನೋಡಿದ. ಬಾಯಿ ತೆರೆದ. ಶೋಭಾರಾಣಿ ಆ ಕ್ಷಣದಾಗ, ಇಷ್ಟೆಲ್ಲಾ ಆದ ಮ್ಯಾಲೂ, ಏನರ ಅನ್ನು ಮಾರಾಯಾ, ತಪ್ಪು ಡೈಲಾಗಾದ್ರೂ ಅನ್ನು ಅಂತ ಒಳಗೊಳಗೇ ಬೇಡಿಕೊಂಡ್ಳು.

ಕಾರಿನ ಹಾರ್ನ್ ಕೇಳಿಸಿತು.

"ಬಂದೆ ಅಪ್ಪಾ" ಅಂದ ಬಸವಪ್ರಸಾದ್. ಹೋದ.

ಕಾರು ಆದೋನಿ ರೋಡಿಗಿ ತಿರುಗಿ ಧೂಳು ಎಬ್ಬಿಸಿ ಹೋತು. ಶೋಭಾರಾಣಿ ಒಳಗ 
ಬಂದು ಬಚ್ಚಲಿಗಿ ಹೋಗಿ, ನೀರು ಬಿಟ್ಟು, ಬಾಗಲ ಹಾಕ್ಕೊಂಡು ಅತ್ಳು. ನೀರಿನ ಸೌಂಡಿನಾಗ ಅಳೋದು ಕೇಳಂಗಿಲ್ಲ ಅಂತ ಸಿನೆಮಾದೋರು ಕಲಿಸ್ಯಾರ. ಅದು ಸುಳ್ಳು, ಓಣಿ ಪೂರ್ತಿ ಕೇಳ್ತೈತಿ. ಮಹಾಂತಮ್ಮ ಕೇಳಿಸ್ಕೊಂಡ್ಳು. ಗಿರಣಿ ಮುಂದ ಕಾಯಾಕ ಹತ್ತಿದ್ದೋರ ಜೋಳ ಹಾಕಿ, ಬೀಸಿ ಕೊಟ್ಟು, ಆಮ್ಯಾಲೆ ಒಳಗ ಬಂದು ಎರಡು ತಾಟಿನಾಗ ಹೋಳಿಗಿ ಹಾಕಿ ತುಪ್ಪ ಬಿಟ್ಳು.

"ತಿನ್ನು. ಎಲಿ-ಅಡಕಿ ಆಗದಿದ್ರ ಏನಾತು, ಬೆಲ್ಲಕ್ಕ ಗೊತ್ತಿಲ್ಲ" ಅಂದ್ಳು.

ಇಬ್ರೂ ತಿಂದ್ರು. ಶೋಭಾರಾಣಿ ಮೂಗು ಇನ್ನೂ ಕೆಂಪಗಿತ್ತು. ಮಹಾಂತಮ್ಮಗ ಒಳಗ ಬೆಂಕಿ ಇತ್ತು. ಮಗಳ ಮ್ಯಾಲೋ, ಬೀಗರ ಮ್ಯಾಲೋ, ಕುಜನ ಮ್ಯಾಲೋ, ಆಕಿಗೇ ಗೊತ್ತಿರ್ಲಿಲ್ಲ. ಒಂದು ಹೋಳಿಗಿ ಮುಗಿಸಿ ಕೇಳಿದ್ಳು.

"ಅಲ್ಲವ್ವಾ, ನಿನ್ನ ಜಾತಕ ಇಷ್ಟು ಜಾಲಾಡಿದ್ರಲ್ಲ, ಆ ಹುಡುಗನ ಜಾತಕದಾಗ ಏನೈತಿ ಅಂತ ನಾವ್ ನೋಡಸ್ಲೇ ಇಲ್ಲ ನೋಡು."

"ಏನ್ ನೋಡ್ತೀ ಅದ್ರಾಗ" ಅಂದ್ಳು ಶೋಭಾರಾಣಿ. "ಹನ್ನೆರಡೂ ಮನ್ಯಾಗ ಅವ್ರಪ್ಪನೇ ಕುಂತಾನ."

ಮಹಾಂತಮ್ಮಗ ನಗಬಾರ್ದು ಅಂತ ಇತ್ತು. ಹೋಳಿಗಿ ಗಂಟಲಾಗ ಸಿಕ್ಕು, ಕೆಮ್ಮಿ, ಕಣ್ಣಾಗ ನೀರು ಬರೋತನ ನಕ್ಕಳು. ಆಮ್ಯಾಲೆ ಸೆರಗಿಲೆ ಕಣ್ಣು ಒರಸ್ಕೊಂಡು, ಅದೇ ಸೆರಗಿಲೆ ಮಗಳ ಮಾರಿನೂ ಒರಸಿ, ಇನ್ನೊಂದು ಹೋಳಿಗಿ ಅವಳ ತಾಟಿಗಿ ಹಾಕಿದ್ಳು.